ಗೇಟಿನೊಳಗೆ ಮಿಸ್

ಅಟ್ಟೂರು ಲೇಔಟ್, ಯಲಹಂಕ
3 ಜೂನ್ 2025

ಪ್ರೀತಿಯ ಚನ್ನು,

ಮೊನ್ನೆ ನಿನ್ನನ್ನು ಹಾಸ್ಟೆಲಿನಲ್ಲಿ ಬಿಟ್ಟು ಮನೆ ಸೇರುವಷ್ಟರಲ್ಲಿ ಸಂಜೆಯಾಗಿತ್ತು. ಗೌರಿಬಿದನೂರಿಗೆ ಪ್ಯಾಸೆಂಜರ್ ರೈಲು ತಡವಾಗಿ ಬಂತು. ಕಿಟಕಿ ಪಕ್ಕದ ಜಾಗ ಸಿಕ್ಕಿತ್ತು. ನೀನು ಜೊತೆಗಿದ್ದಿದ್ದರೆ ನನಗೆಲ್ಲಿ ಸಿಗುತ್ತಿತ್ತು, ಹೇಳು. ಮೆಟ್ಟಿಲು ಹತ್ತುವಾಗಲೇ ನಮ್ಮ ಓನರ್ ದೊಡ್ಡಮುನಿಯಮ್ಮಜ್ಜಿ ಅಡ್ಡ ನಿಂತು, "ಮಗೀನ ಬುಟ್ಬುಟ್ಟು ಬಂದ್ಯಾ ಟೀಚರಮ್ಮ? ಇಂಗೆ ಒಬ್ಳೇ ಎಂಗಿರ್ತೀಯಾ?" ಎಂದು ಕೇಳಿದರು. "ಇರ್ತೀನಿ ಅಜ್ಜಿ, ನಂದೇನು ಅಳೋ ವಯಸ್ಸಾ" ಎಂದು ನಕ್ಕು ಮೇಲೆ ಬಂದೆ. ಬಂದವಳೇ ಪಾಠಯೋಜನೆ ಬರೆಯಲು ಕೂತೆ. ಏನು ಬರೆದೆನೋ, ಬೆಳಿಗ್ಗೆ ಓದಿದರೆ ನನಗೇ ಅರ್ಥವಾಗಲಿಲ್ಲ.

ನಿನ್ನೆಯಿಂದ ಒಂದನೇ ತರಗತಿಯ ಹೊಸ ಮಕ್ಕಳು ಪೂರ್ತಿ ಬಂದಿದ್ದಾರೆ. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಆಗಲೇ ಬಾಡಿದೆ. ಹತ್ತು ಗಂಟೆಗೆ ಸರಿಯಾಗಿ ಏರ್‌ಫೋರ್ಸಿನ ವಿಮಾನ ತಲೆಯ ಮೇಲೆ ಗುಡುಗುತ್ತ ಹೋಯಿತು ನೋಡು, ಸುಮ್ಮನಿದ್ದವರೂ ಅಳಲು ಶುರುಮಾಡಿದರು. ಪ್ರತಿ ಹೊಸ ಮಗುವಿಗೂ ದೊಡ್ಡ ತರಗತಿಯ ಒಂದು ಮಗುವನ್ನು ಜೋಡಿ ಮಾಡುವ ಕೆಲಸ ಈ ವರ್ಷವೂ ನನ್ನದೇ. ಕೈತೊಳೆಯುವ ನಲ್ಲಿ, ಶೌಚಾಲಯ, ಊಟದ ಸಾಲು ಎಲ್ಲ ಆ ಜೋಡಿಯೇ ತೋರಿಸಬೇಕಲ್ಲ. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳನ್ನು ಹಿಡಿದುಕೊಂಡು ಹಳೇ ಅಭ್ಯಾಸದಲ್ಲಿ, "ಇವಳನ್ನ ಚನ್ನುಗೆ ಕೊಡಿ" ಎಂದುಬಿಟ್ಟೆ. ಏಳನೇ ತರಗತಿಯವರು ಗೊಳ್ಳೆಂದು ನಕ್ಕರು.

ಚನ್ನು, ನಿನ್ನನ್ನು ಯಾಕೆ ಕಳಿಸಿದೆ ಎಂದು ನಿನಗೆ ಗೊತ್ತಿದೆ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೇ. ಶಾಲೆ ಬಿಟ್ಟ ಮೇಲೂ ನನಗೆ ತರಬೇತಿ, ಚುನಾವಣೆ, ಮನೆ ಮನೆ ಸುತ್ತುವ ಕೆಲಸ. ನೀನು ಬೀಗ ಹಾಕಿದ ಬಾಗಿಲ ಮುಂದೆ ಕೂತು ಹೋಂವರ್ಕ್ ಮಾಡುತ್ತಿದ್ದೆ. ಪ್ರವೇಶ ಪರೀಕ್ಷೆಯಲ್ಲಿ ನೀನೇ ಗೆದ್ದ ಸೀಟು ಅದು. ಆರರಿಂದ ಹತ್ತರವರೆಗೆ ಚಿಂತೆಯಿಲ್ಲ. ಮೊದಲ ವಾರ ಅಳು ಬರುತ್ತದೆ, ಬರಲಿ. ಪಕ್ಕದ ಮಂಚದವಳ ಹೆಸರು ಕೇಳು. ಊಟ ಬಿಡಬೇಡ.

ಅಲ್ಲಿ ಮಕ್ಕಳಿಗೆ ಫೋನು ಕೊಡುವುದಿಲ್ಲ ಎಂದು ಕೊರಗಬೇಡ. ವಿಳಾಸ ಬರೆದ ಇನ್‌ಲ್ಯಾಂಡ್ ಪತ್ರಗಳು ನಿನ್ನ ಟ್ರಂಕಿನಲ್ಲಿ, ಸ್ವೆಟರಿನ ಕೆಳಗಿವೆ.

ನಿನ್ನ
ಅವ್ವ


ಬಾಲಕಿಯರ ಹಾಸ್ಟೆಲ್, ವಸತಿ ಶಾಲೆ
12 ಜೂನ್ 2025

ಪ್ರತಿಭಾ ಮಿಸ್ ಅವರಿಗೆ,

ನಮಸ್ತೆ ಮಿಸ್. ನಾನು ಕ್ಷೇಮ. ನೀವೂ ಕ್ಷೇಮ ಎಂದು ನಂಬಿದ್ದೇನೆ.

ಮಿಸ್ ಅಂತ ಯಾಕೆ ಬರೆದೆ ಎಂದು ಕೇಳಬೇಡಿ. ನಮ್ಮ ಶಾಲೆಯಲ್ಲಿ ಐದು ವರ್ಷ ಗೇಟಿನೊಳಗೆ ನಿಮ್ಮನ್ನು ಮಿಸ್ ಅನ್ನಬೇಕು, ಗೇಟಿನ ಹೊರಗೆ ಅವ್ವ ಅನ್ನಬೇಕು ಅಂತ ನೀವೇ ರೂಲ್ ಮಾಡಿದ್ದಿರಿ. ನಾನು ಒಂದು ದಿನವೂ ತಪ್ಪಿಲ್ಲ. ಮೂರನೇ ಕ್ಲಾಸಿನಲ್ಲಿ ಬಿದ್ದು ಮೊಣಕಾಲು ಒಡೆದಾಗಲೂ ಮಿಸ್ ಅಂತಲೇ ಕೂಗಿದ್ದೆ. ಇಲ್ಲಿ ಬಿಡುವಾಗ ನೀವು ನನ್ನ ತಲೆ ಸವರಿ, "ಧೈರ್ಯವಾಗಿರು ಪುಟ್ಟಾ, ಇಲ್ಲಿ ಎಲ್ರೂ ನಿನ್ ಫ್ರೆಂಡ್ಸೇ" ಎಂದಿರಿ. ಅದು ನೀವು ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವ ಮಾತು. ನನಗೆ ಬಾಯಿಪಾಠ ಇದೆ. ಮನೆಯಲ್ಲಿ ನೀವು ನನ್ನನ್ನು ಯಾವತ್ತೂ ಪುಟ್ಟಾ ಅಂತ ಕರೆದಿಲ್ಲ. ಆವತ್ತು ನನ್ನನ್ನು ಬಿಡಲು ಬಂದಿದ್ದು ಮಿಸ್. ಅದಕ್ಕೆ ಮಿಸ್‌ಗೇ ಬರೆಯುತ್ತಿದ್ದೇನೆ.

ಪಕ್ಕದ ಮಂಚದವಳ ಹೆಸರು ಕೇಳಲಿಲ್ಲ. ಅವಳೂ ಕೇಳಲಿಲ್ಲ. ಸ್ನಾನಕ್ಕೆ ಐದೂವರೆಗೆ ಎಬ್ಬಿಸುತ್ತಾರೆ, ನೀರು ತಣ್ಣಗಿರುತ್ತದೆ. ಸಾಂಬಾರಿನಲ್ಲಿ ಬರೀ ಸೋರೆಕಾಯಿ.

ದಯವಿಟ್ಟು ನನ್ನನ್ನು ಕರೆದುಕೊಂಡು ಹೋಗಿ ಮಿಸ್. ನಾನು ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತೇನೆ. ಬೇಜಾರು ಮಾಡಿಕೊಳ್ಳುವುದಿಲ್ಲ.

ಇಂತಿ ನಿಮ್ಮ ವಿದ್ಯಾರ್ಥಿನಿ
ಚನ್ನು ಎಸ್.


ಅಟ್ಟೂರು ಲೇಔಟ್
18 ಜೂನ್ 2025

ನನ್ನ ಚನ್ನು,

ಪತ್ರ ಬಂತು. ಬೈಗುಳ ಚೆನ್ನಾಗಿ ಬರೆದಿದ್ದೀಯ, ಒಂದೂ ಕೆಟ್ಟ ಮಾತಿಲ್ಲದೆ. ಮೊದಲು ನಗು ಬಂತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡು ತರಗತಿಗೆ ಹೋಗಬೇಕಾಯಿತು.

ಆವತ್ತು ಗೇಟಿನಲ್ಲಿ ಅವ್ವನಾಗಿ ಮಾತಾಡಿದ್ದರೆ ನಿನ್ನ ಕೈ ಹಿಡಿದುಕೊಂಡು ವಾಪಸ್ ರೈಲು ಹತ್ತಿಬಿಡುತ್ತಿದ್ದೆ. ಅದಕ್ಕೇ ಮಿಸ್ ಮಾತಾಡಿದಳು ಎಂದು ತಿಳಿದುಕೋ.

ಒಂದು ಒಪ್ಪಂದ ಮಾಡಿಕೊಳ್ಳೋಣ. ದಸರಾ ರಜೆಯವರೆಗೆ ಇರು. ಆಗಲೂ ಬೇಡ ಅನ್ನಿಸಿದರೆ ಒಂದು ಮಾತು ಹೇಳು ಸಾಕು, ಯಾಕೆ ಎಂದೂ ಕೇಳುವುದಿಲ್ಲ. ನಾನೇ ಬಂದು ಟಿ.ಸಿ. ತೆಗೆಸಿ ಕರೆದುಕೊಂಡು ಬರುತ್ತೇನೆ. ಇದು ಮಿಸ್ ಕೊಟ್ಟ ಮಾತಲ್ಲ, ನಾನು ಕೊಟ್ಟದ್ದು.

ಇಲ್ಲಿಯ ಸುದ್ದಿ ಕೇಳು. ಐದನೇ ತರಗತಿಗೆ ಅಬ್ರಾರ್ ಎಂಬ ಹೊಸ ಮೇಷ್ಟ್ರು ಬಂದಿದ್ದಾರೆ. ಮೊದಲ ನೌಕರಿ, ಆರ್.ಟಿ. ನಗರದಲ್ಲಿ ರೂಮು. ಹುಡುಗರು ಅವರನ್ನು ಹಣ್ಣುಗಾಯಿ ನೀರುಗಾಯಿ ಮಾಡಿಬಿಟ್ಟರು. ಮೂರನೇ ದಿನ ಸ್ಟಾಫ್ ರೂಮಿಗೆ ಬಂದು, "ನನ್ ಕೈಲಾಗಲ್ಲ ಮೇಡಂ, ಒಬ್ಬ ನನ್ನನ್ನೇ 'ಏನ್ ಗುರು ಸಮಾಚಾರ' ಅಂತಾನೆ" ಎಂದು ಕೂತರು. ಹೆಡ್‌ಮಾಸ್ಟರ್ ವೆಂಕಟರಾಮಯ್ಯನವರು ಎಂದಿನಂತೆ, "ಪ್ರತಿಭಾ ಮೇಡಂ, ಇವ್ರನ್ನೂ ನೀವೇ ನೋಡ್ಕೊಳ್ಳಿ" ಎಂದರು. ಹೊಸ ಮೇಷ್ಟ್ರಿಗೆ ನಮ್ಮಲ್ಲಿ ಏನು ಮದ್ದು ಎಂದು ನಿನಗೆ ಗೊತ್ತಲ್ಲ. ಎರಡು ವಾರ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವಂತಿಲ್ಲ, ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತು ಬಿಸಿಯೂಟ ಮಾಡಬೇಕು. ಮೊದಲ ದಿನ ಕಾಲು ಮಡಚಲು ಬರದೆ ಒದ್ದಾಡಿದರು. ಗುರು ಎಂದವನೇ ನೀರು ತಂದುಕೊಟ್ಟ.

ಒಂದನೇ ತರಗತಿಯಲ್ಲಿ ಪದ್ಮಶ್ರೀ ಎಂಬವಳಿದ್ದಾಳೆ. ಪುಟ್ಟೇನಹಳ್ಳಿ ಕೆರೆ ಹತ್ತಿರ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರಲ್ಲ, ಅಲ್ಲಿಯ ಶೆಡ್ಡಿನಿಂದ ಬರುತ್ತಾಳೆ. ಬಂದವಳೇ ಬೆಂಚಿನ ಕೆಳಗೆ ಹೋಗಿ ಕೂರುತ್ತಾಳೆ. ಅವಳ ತಾಯಿ ನಮ್ಮ ಕಡೆಯವಳು. "ಮನ್ಯಾಗ ಭಾಳ ಮಾತಾಡ್ತಾಳ್ರಿ ಅಕ್ಕೋರ, ಇಲ್ಲಿ ಬಾಯೇ ಬಿಡವಲ್ಲಳು" ಎಂದಳು. "ಇರ್ಲಿ ಬಿಡ್ರಿ, ಬೆಂಚಿನ ಕೆಳಗ ಕುಂತೇ ಕಲೀಲಿ" ಎಂದೆ. ಎಷ್ಟು ದಿನವಾಗಿತ್ತು ಹಾಗೆ ಮಾತಾಡಿ. ನೀನು ಹೋದ ಮೇಲೆ ಮನೆಯಲ್ಲಿ ಮಾತೇ ಇಲ್ಲ ಚನ್ನು. ಕುಕ್ಕರ್ ಕೂಗಿದರೆ ಯಾರೋ ಬಂದರು ಎನ್ನಿಸುತ್ತದೆ.

ಇನ್ನೊಂದು ವಿಷಯ. ನಿಮ್ಮ ವಾರ್ಡನ್ ಮೇಡಂಗೆ ಒಂದು ಪತ್ರ ಬರೆದಿದ್ದೇನೆ. ನಿನ್ನ ಕೈಗೆ ಒಂದು ಜವಾಬ್ದಾರಿ ಕೊಟ್ಟರೆ ನೀನು ಬೇಗ ಹೊಂದಿಕೊಳ್ಳುತ್ತೀಯ, ಅಳುವ ಹುಡುಗಿ ಯಾರಾದರೂ ಇದ್ದರೆ ನಿನ್ನ ಜೋಡಿ ಮಾಡಿ ಎಂದು. ನಿನ್ನಷ್ಟು ಚೆನ್ನಾಗಿ ಆ ಕೆಲಸ ಮಾಡುವವರನ್ನು ನಾನು ಕಂಡಿಲ್ಲ.

ನಿನ್ನ
ಅವ್ವ


ಬಾಲಕಿಯರ ಹಾಸ್ಟೆಲ್
30 ಜೂನ್ 2025

ಮಿಸ್,

ಕೊಟ್ಟರು. ಹೆಸರು ಶಾಂತಲಾ. ಎರಡನೇ ಲಿಸ್ಟಿನಲ್ಲಿ ಬಂದವಳು, ಬಾಗೇಪಲ್ಲಿ ಕಡೆಯವಳು. ಮನೆಯಲ್ಲಿ ತೆಲುಗು ಮಾತಾಡುವುದಂತೆ. ಅವಳ ತಾಯಿ ಇಲ್ಲ, ಚಿಕ್ಕಪ್ಪ ತಂದು ಬಿಟ್ಟು ಹೋಗಿದ್ದಾರೆ. ವಾರ್ಡನ್ ಮೇಡಂ ಎಲ್ಲರ ಮುಂದೆ, "ಚನ್ನು ಅವ್ರ ತಾಯಿ ಟೀಚರ್, ಚನ್ನುಗೆ ಇದೆಲ್ಲ ಗೊತ್ತು" ಎಂದು ಅವಳ ಕೈಯನ್ನು ನನ್ನ ಕೈಗೆ ಕೊಟ್ಟರು. ಆವಾಗಿನಿಂದ ಬಿಟ್ಟಿಲ್ಲ. ನಾನು ಹಲ್ಲುಜ್ಜುವಾಗಲೂ ಲಂಗ ಹಿಡಿದುಕೊಂಡು ನಿಂತಿರುತ್ತಾಳೆ. ರಾತ್ರಿ ಅಳುತ್ತಾಳೆ. ಹಾಸಿಗೆ ಒದ್ದೆ ಮಾಡಿದರೆ ಬೇರೆಯವರಿಗೆ ಗೊತ್ತಾಗುವ ಮೊದಲು ನಾನೇ ಒಗೆದು ಹಾಕಬೇಕು.

ನಮ್ಮ ಶಾಲೆಯಲ್ಲೂ ಅಳುವ ಮಕ್ಕಳನ್ನೆಲ್ಲ ನನಗೇ ಕೊಟ್ಟಿರಿ. ಬೇರೆ ಮಿಸ್ಸುಗಳ ಮಕ್ಕಳಿಗೆ ಕೊಡಲಿಲ್ಲ. ಕಚ್ಚುವ ಹುಡುಗನನ್ನೂ ನನಗೇ ಕೊಟ್ಟಿರಿ. ನಾನು ಒಂದನೇ ಕ್ಲಾಸಿಗೆ ಸೇರಿದಾಗ ನನಗೆ ಜೋಡಿ ಇರಲಿಲ್ಲ, ನಿನಗ್ಯಾಕೆ, ನಾನೇ ಇದ್ದೀನಲ್ಲ ಎಂದಿರಿ. ಆದರೆ ನೀವು ಮಿಸ್ ಆಗಿದ್ದಿರಿ.

ನಾನು ಇಲ್ಲಿ ಇನ್ನೂ ಸರಿಯಾಗಿ ಅತ್ತೇ ಇಲ್ಲ. ಅಳೋಣ ಅನ್ನುವಷ್ಟರಲ್ಲಿ ಶಾಂತಲಾ ಶುರುಮಾಡುತ್ತಾಳೆ. ನನಗೆ ಅಳು ಬಂದರೆ ಯಾರ ಹತ್ತಿರ ಹೋಗಲಿ ಮಿಸ್?

ಒಪ್ಪಂದ ನೆನಪಿದೆ. ದಸರಾಗೆ ನಾನು ಬರುತ್ತೇನೆ. ಬಂದವಳು ವಾಪಸ್ ಹೋಗುವುದಿಲ್ಲ.

ಚನ್ನು


ಅಟ್ಟೂರು ಲೇಔಟ್
7 ಜುಲೈ 2025

ಚನ್ನು,

ನನ್ನ ಹತ್ತಿರ ಬಾ. ಬರೆದು ಅಳು. ಎಷ್ಟು ಬೇಕಾದರೂ ಅಳು. ಬುದ್ಧಿ ಹೇಳುವುದಿಲ್ಲ, ಧೈರ್ಯವಾಗಿರು ಎನ್ನುವುದಿಲ್ಲ. ಓದುತ್ತೇನೆ ಅಷ್ಟೇ.

ನಿನ್ನ ಪತ್ರವನ್ನು ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆಯಲ್ಲಿ ಓದಿದೆ. ಹೊರಗೆ ಬಂದಾಗ ಅಬ್ರಾರ್ ಸರ್ ನನ್ನ ಮುಖ ನೋಡಿ, "ಮೇಡಂ, ನಿಮ್ ಕ್ಲಾಸನ್ನೂ ನಾನೇ ತಗೋತೀನಿ, ಕೂತ್ಕೊಳ್ಳಿ" ಎಂದರು. ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಒಂದು ಗಂಟೆ ಕತೆ ಹೇಳಿದರು. ಮೊನ್ನೆ ಮೊನ್ನೆ ಓಡಿಹೋಗುತ್ತೇನೆ ಎನ್ನುತ್ತಿದ್ದವರು.

ಶಾಂತಲಾಳನ್ನು ಬೇರೆಯವರ ಜೋಡಿ ಮಾಡಿ ಎಂದು ವಾರ್ಡನ್‌ಗೆ ಬರೆಯಲೇ? ನೀನು ಹೂಂ ಎಂದರೆ ಅಂದೇ ಬರೆಯುತ್ತೇನೆ. ನಿನ್ನನ್ನು ಕೇಳದೆ ಬರೆದಿದ್ದು ನನಗೆ ಈಗ ಚುಚ್ಚುತ್ತಿದೆ.

ಎರಡನೇ ಭಾನುವಾರ ಭೇಟಿಗೆ ಬಿಡುತ್ತಾರಂತೆ. ಬರುತ್ತೇನೆ.

ಅವ್ವ


ಅಟ್ಟೂರು ಲೇಔಟ್
11 ಆಗಸ್ಟ್ 2025

ಚನ್ನು,

ಉತ್ತರವಿಲ್ಲ. ಪೆಟ್ಟಿಗೆಯಲ್ಲಿ ನಿನ್ನ ಪತ್ರವಿರಬಹುದೆಂದು ಕೆಳಗೆ ನೋಡಲು ಹೋದಾಗಲೆಲ್ಲ ದೊಡ್ಡಮುನಿಯಮ್ಮಜ್ಜಿ, "ಕರೆಂಟ್ ಬಿಲ್ ಅಷ್ಟೇ ಕಣವ್ವ" ಎನ್ನುತ್ತಾರೆ.

ಹೋದ ತಿಂಗಳು ಬಂದಾಗಲೂ, ನಿನ್ನೆ ಬಂದಾಗಲೂ ನೀನು ಮಾತಾಡಲಿಲ್ಲ. ಹೂಂ, ಉಹೂಂ, ಅಷ್ಟೇ. ನಾನು ತಂದ ಶೇಂಗಾ ಹೋಳಿಗೆಯಲ್ಲಿ ನೀನು ಅರ್ಧ ಮುರಿದು ಹಿಂದೆ ನಿಂತಿದ್ದ ಹುಡುಗಿಗೆ ಕೊಟ್ಟೆ. ಅವಳೇ ಶಾಂತಲಾ ಎಂದು ನೀನು ಹೇಳಲಿಲ್ಲ, ನಾನೇ ಊಹಿಸಿದೆ. ತೆಳ್ಳಗೆ, ಕಣ್ಣಷ್ಟೇ ಕಾಣುವ ಮುಖ. ಅವಳನ್ನು ಬದಲಾಯಿಸಲು ಹೇಳಲೇ ಎಂದು ಮೆಲ್ಲಗೆ ಕೇಳಿದ್ದಕ್ಕೆ ತಲೆಯನ್ನು ಅಡ್ಡಡ್ಡ ಆಡಿಸಿದೆ. ನಿನ್ನ ಜಡೆ ನೀನೇ ಹಾಕಿಕೊಂಡಿದ್ದೆ, ಬೈತಲೆ ಸೊಟ್ಟಗಿತ್ತು. ಸರಿ ಮಾಡೋಣ ಎಂದು ಕೈ ಎತ್ತಿ ಸುಮ್ಮನಾದೆ.

ಇಲ್ಲಿ ಎಲ್ಲ ಒಂದು ದಾರಿಗೆ ಬಂದಿದೆ. ಹೋದ ವರ್ಷದ ಪಾಠ ನೆನಪಿಸುವ ಸೇತುಬಂಧ ಮುಗಿದು ಹೊಸ ಪಾಠ ಶುರುವಾಗಿ ತಿಂಗಳಾಯಿತು. ವಿಮಾನ ಹೋದರೆ ಈಗ ಒಂದನೇ ತರಗತಿಯವರೇ ಟಾಟಾ ಮಾಡುತ್ತಾರೆ. ಪದ್ಮಶ್ರೀ ಬೆಂಚಿನ ಮೇಲೆ ಬಂದಿದ್ದಾಳೆ. ಬಂದಿದ್ದಷ್ಟೇ ಅಲ್ಲ, ಪಕ್ಕದವರ ಮೇಲೆ ದರಬಾರು ಮಾಡುತ್ತಾಳೆ. ಅವಳ ತಾಯಿ ಬಂದಾಗ, "ನಿಮ್ಮ ಮಗಳು ಹೊಂದಿಕೊಂಡ್ಲು, ಇನ್ನು ನೀವು ಬಾಗಿಲದಾಗ ನಿಲ್ಲೂದು ಬ್ಯಾಡ" ಎಂದೆ. ಅವಳು ಆಯ್ತ್ರಿ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತು ಹೋದಳು. ನನ್ನ ತರಗತಿಯಲ್ಲಿ ಈಗ ಯಾರೂ ಅಳುವುದಿಲ್ಲ. ಮಕ್ಕಳು ಅಳುತ್ತಿದ್ದಾಗಲೇ ವಾಸಿಯಿತ್ತು, ಎತ್ತಿಕೊಳ್ಳಲು ಯಾರಾದರೂ ಇರುತ್ತಿದ್ದರು.

ಸಂಜೆ ಶಾಲೆಗೆ ಬೀಗ ಹಾಕಿ ಮನೆಗೆ ಬರುವ ದಾರಿಯೇ ಕಷ್ಟ. ನೀನು ಮುಂದೆ ಮುಂದೆ ಓಡಿ, ಗೇಟು ದಾಟಿದ ತಕ್ಷಣ "ಅವ್ವಾ" ಎಂದು ಕಿರುಚುತ್ತಿದ್ದೆ, ದಿನವಿಡೀ ಕಟ್ಟಿಟ್ಟಿದ್ದನ್ನು ಬಿಚ್ಚಿದ ಹಾಗೆ. ಈಗ ಗೇಟಿನ ಒಳಗೂ ಮಿಸ್, ಹೊರಗೂ ಮಿಸ್ಸೇ. ತರಕಾರಿ ಅಂಗಡಿಯ ಮುಜಫ್ಫರ್ ಕೂಡ "ಬನ್ನಿ ಮಿಸ್" ಎನ್ನುತ್ತಾನೆ.

ಹೇಳಿಬಿಡುತ್ತೇನೆ. ದಸರಾವರೆಗೆ ನೋಡು ಎಂದು ನಿನಗೆ ಹೇಳಿದೆ, ಈಗ ದಸರಾ ಯಾವಾಗ ಬರುತ್ತದೋ ಎಂದು ಕಾಯುತ್ತಿರುವವಳು ನಾನು. ನೀನು ಬಂದರೆ ನನಗೆ ತುಂಬ ಖುಷಿ.

ಅವ್ವ


ಬಾಲಕಿಯರ ಹಾಸ್ಟೆಲ್
31 ಆಗಸ್ಟ್ 2025

ಅವ್ವಾ,

ನನಗೆ ಜ್ವರ ಬಂದಿತ್ತು. ಈಗ ಇಲ್ಲ, ಹೆದರಬೇಡ. ವಾರ್ಡನ್ ಮೇಡಂ ನಿನಗೆ ಫೋನ್ ಮಾಡುತ್ತೇನೆ ಎಂದರು, ನಾನೇ ಬೇಡ ಎಂದೆ. ನೀನು ರಜೆ ಹಾಕಿ ಓಡಿ ಬಂದುಬಿಡುತ್ತೀಯ, ಹೆಡ್‌ಮಾಸ್ಟರ್ ಗೊಣಗುತ್ತಾರೆ.

ಗಣೇಶನ ಹಬ್ಬದ ದಿನ ಎಲ್ಲರೂ ಕೆಳಗೆ ಪೂಜೆಗೆ ಹೋಗಿದ್ದರು. ನಾನೊಬ್ಬಳೇ ಮಂಚದ ಮೇಲೆ. ಆಗ ಅಳು ಬಂತು ಅವ್ವಾ, ಜೂನ್ ತಿಂಗಳಿನದೆಲ್ಲ ಸೇರಿ ಬಂತು. ಶಾಂತಲಾ ನನಗೆ ಕಡುಬು ಕೊಡಲು ಬಂದವಳು ನೋಡಿಬಿಟ್ಟಳು. ನಾನು ಅಳುವುದನ್ನು ನೋಡಿ ಅವಳೂ ಶುರುಮಾಡುತ್ತಾಳೆ ಅಂದುಕೊಂಡೆ. ಮಾಡಲಿಲ್ಲ. ನಾನು ಅವಳಿಗೆ ಮಾಡುವ ಹಾಗೆಯೇ ಬೆನ್ನು ಉಜ್ಜಿದಳು, ಬಾಟಲಿಗೆ ಬಿಸಿನೀರು ತಂದಳು, "ಊರ್ಕೋ, ಊರ್ಕೋ" ಎಂದಳು. ಅದು ತೆಲುಗು, ಸುಮ್ಮನಾಗು ಅಂತ ಅರ್ಥ. ಎರಡು ದಿನ ನನ್ನ ತಟ್ಟೆ ಅವಳೇ ತೊಳೆದಳು. ಈಗ ಹಾಸಿಗೆ ಒದ್ದೆ ಮಾಡುವುದಿಲ್ಲ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮುಜಫ್ಫರ್ ಅಂಗಡಿಯಲ್ಲಿ ನನ್ನ ಲೆಕ್ಕದಲ್ಲಿ ಒಂದು ಕ್ಯಾರೆಟ್ ಇಸಕೊಂಡು ತಿನ್ನು. ನಾನು ದಿನಾ ತಿನ್ನುತ್ತಿದ್ದೆ, ನಿನಗೆ ಗೊತ್ತಿಲ್ಲ.

ಖೋಖೋ ತಂಡಕ್ಕೆ ಆರಿಸಿದ್ದಾರೆ. ಶಾಂತಲಾಳನ್ನೂ ಆರಿಸಿದ್ದಾರೆ, ಅವಳು ತೆಳ್ಳಗಿರುವುದರಿಂದ ಸಿಗುವುದೇ ಇಲ್ಲ.

ದಸರಾ ವಿಷಯ ಅಲ್ಲಿಗೆ ಬಂದು ಹೇಳುತ್ತೇನೆ.

ನಿನ್ನ
ಚನ್ನು


ಅಟ್ಟೂರು ಲೇಔಟ್
10 ಸೆಪ್ಟೆಂಬರ್ 2025

ನನ್ನ ಚನ್ನವ್ವ,

ಅವ್ವಾ ಎಂದು ಬರೆದಿದ್ದೀಯ. ಮೆಟ್ಟಿಲ ಮೇಲೆ ನಿಂತೇ ಓದಿದೆ. ದೊಡ್ಡಮುನಿಯಮ್ಮಜ್ಜಿ ಗಾಬರಿಯಾಗಿ, "ಏನಾತವ್ವ?" ಎಂದರು. "ಏನಿಲ್ಲ ಅಜ್ಜಿ, ಮಗಳು ಬರ್ತಾಳೆ" ಎಂದೆ. ಅವರೂ, "ಬರ್ಲಿ ಬರ್ಲಿ, ಮನೆ ಬಿಕೋ ಅಂತದೆ" ಎಂದು ಎಲೆಯಡಿಕೆ ಕೊಟ್ಟರು. ಅಗಿದು ಕೆಮ್ಮಿದೆ.

ವೆಂಕಟರಾಮಯ್ಯನವರ ಹತ್ತಿರ ಮಾತಾಡಿಬಿಟ್ಟಿದ್ದೇನೆ. ವರ್ಷದ ನಡುವೆ ಆದರೂ ಪರವಾಗಿಲ್ಲ, ನಮ್ಮ ಶಾಲೆಯ ಆರನೇ ತರಗತಿಗೇ ತೆಗೆದುಕೊಳ್ಳುತ್ತಾರಂತೆ. "ನಮ್ ಸ್ಕೂಲ್ ಹುಡ್ಗೀನೇ ಅಲ್ವೇನ್ರಿ" ಎಂದರು. ಯಲಹಂಕ ನಾಲ್ಕನೇ ಹಂತದ ಅಂಗಡಿಯಲ್ಲಿ ನಿನಗೆ ಒಂದು ಬ್ಯಾಗು ನೋಡಿದೆ, ನೋಡಿದವಳು ಕೊಂಡೇಬಿಟ್ಟೆ. ನೀಲಿ. ಸಂಜೆ ಮನೆಯಲ್ಲಿ ನೀನೊಬ್ಬಳೇ ಇರಬಾರದು ಎಂದು ಅಜ್ಜಿಯ ಮನೆಯಲ್ಲಿ ಕೂರಲು ಒಪ್ಪಿಸಿದ್ದೇನೆ. ಇನ್ನು ಬೀಗದ ಮುಂದೆ ಕೂರಬೇಕಾಗಿಲ್ಲ. ಎಲ್ಲ ಯೋಚನೆ ಮಾಡಿದ್ದೇನೆ.

ಹುಷಾರಾಗಿರು. ಶಾಂತಲಾಗೆ ನಾನು ಕೇಳಿದೆ ಎಂದು ಹೇಳು. ಈ ಭಾನುವಾರ ತರಬೇತಿ ಹಾಕಿದ್ದಾರೆ, ಭೇಟಿಗೆ ಬರಲಾಗುವುದಿಲ್ಲ. ರಜೆಗೆ ಕರೆದುಕೊಂಡು ಬರಲು ನಾನೇ ಬರುತ್ತೇನೆ.

ನಿನ್ನ
ಅವ್ವ


ಬಾಲಕಿಯರ ಹಾಸ್ಟೆಲ್
27 ಅಕ್ಟೋಬರ್ 2025

ಅವ್ವಾ,

ಇದನ್ನು ಮನೆಯಲ್ಲೇ ಹೇಳಬೇಕಿತ್ತು. ರಜೆಯಿಡೀ ಹೇಳಲು ನೋಡಿದೆ. ನೀನು ಸಮೀಕ್ಷೆ ಕೆಲಸಕ್ಕೆ ಬೆಳಿಗ್ಗೆ ಹೋಗಿ ಸಂಜೆ ಕಾಲು ನೋವು ಎಂದು ಬಂದು, ಬಂದ ತಕ್ಷಣ ನಗುತ್ತಿದ್ದೆ. ಆಗ ಬಾಯಿ ಬರುತ್ತಿರಲಿಲ್ಲ. ಹೊರಡುವಾಗಲೂ ನೀನು, "ಟಿ.ಸಿ. ಸಿಗೋವರ್ಗೂ ಅಲ್ಲೇ ಇರು, ಟ್ರಂಕ್ ತರೋಕೆ ಎರಡನೇ ಭಾನುವಾರ ಬರ್ತೀನಿ, ಟಿ.ಸಿ. ಅರ್ಜಿನೂ ತರ್ತೀನಿ" ಎಂದೆ. ನಾನು ಹೂಂ ಎಂದುಬಿಟ್ಟೆ.

ಅರ್ಜಿ ತರಬೇಡ ಅವ್ವಾ. ನಾನು ಇಲ್ಲೇ ಇರುತ್ತೇನೆ.

ಶಾಂತಲಾ ದಸರಾಗೆ ಊರಿಗೆ ಹೋಗುವಾಗ, ಚನ್ನು ವಾಪಸ್ ಬರದಿದ್ದರೆ ನಾನೂ ಬರಲ್ಲ ಎಂದಿದ್ದಳು. ನಾನು ಬಂದಿದ್ದು ನೋಡಿ ಬ್ಯಾಗು ಬಿಸಾಕಿ ಓಡಿ ಬಂದಳು. ಅವಳಿಗೋಸ್ಕರ ಮಾತ್ರ ಅಲ್ಲ. ಸುಳ್ಳು ಹೇಳಬಾರದು. ನಮ್ಮ ಹಳೇ ಶಾಲೆಯಲ್ಲಿ ಎಲ್ಲರೂ ನನ್ನನ್ನು ಮಿಸ್ ಮಗಳು ಅಂತಲೇ ಕರೆಯುವುದು. ಗಲಾಟೆ ಮಾಡಿದರೆ ಮಿಸ್ ಮಗಳೇ ಹೀಗೆ ಮಾಡಿದರೆ ಹೇಗೆ ಅಂತಾರೆ, ಫಸ್ಟ್ ಬಂದರೆ ಮಿಸ್ ಮಗಳಲ್ವಾ ಅಂತಾರೆ. ಇಲ್ಲಿ ಮೊದಲು ವಾರ್ಡನ್ ಒಂದು ಸಲ ಹೇಳಿದ್ದು ಬಿಟ್ಟರೆ ಎಲ್ಲರಿಗೂ ಅದು ಮರೆತೇ ಹೋಗಿದೆ. ನಾನು ಇಲ್ಲಿ ಬರೀ ಚನ್ನು. ಮೊನ್ನೆ ಹೋಂವರ್ಕ್ ಮಾಡದೆ ಹೊರಗೆ ನಿಂತಿದ್ದೆ. ಒಂಥರಾ ಚೆನ್ನಾಗಿತ್ತು.

ನೀಲಿ ಬ್ಯಾಗು ತುಂಬ ಚೆನ್ನಾಗಿದೆ. ಇಲ್ಲಿಗೂ ಬರುತ್ತದೆ, ತಂದುಕೊಡು.

ನೀನು ಅಳುತ್ತೀಯ ಅಂತ ಗೊತ್ತು. ನಾನು ಬರುವ ಹಿಂದಿನ ದಿನ ದೊಡ್ಡಮುನಿಯಮ್ಮಜ್ಜಿಗೆ, ದಿನಾ ಸಂಜೆ ಅವ್ವನನ್ನು ಟಿವಿ ನೋಡಲು ಕರೆಯಬೇಕು ಎಂದು ಹೇಳಿ ಬಂದಿದ್ದೇನೆ. ಅಜ್ಜಿ ಆಯ್ತು ಎಂದಿದ್ದಾರೆ. ಅವರಿಗೆ ಮೊದಲೇ ಗೊತ್ತಿತ್ತು. ಬೈಯಬೇಡ ಅವರನ್ನು.

ನಿನ್ನ
ಚನ್ನು


ಅಟ್ಟೂರು ಲೇಔಟ್
10 ನವೆಂಬರ್ 2025

ಪ್ರೀತಿಯ ಚನ್ನು,

ನಿನ್ನೆ ಭೇಟಿಯಲ್ಲಿ ಇದನ್ನೆಲ್ಲ ಹೇಳಲು ಹೊತ್ತಿರಲಿಲ್ಲ, ಶಾಂತಲಾಳ ಮುಂದೆ ಹೇಳುವುದೂ ಬೇಡವೆನ್ನಿಸಿತು. ನಿನ್ನ ಪತ್ರ ಬಂದ ದಿನ ಅತ್ತೆ. ಸಿಟ್ಟೂ ಬಂತು. ಮೊದಲು ನಿನ್ನ ಮೇಲೆ, ಆಮೇಲೆ ಅಜ್ಜಿಯ ಮೇಲೆ, ಆಮೇಲೆ ಶಾಂತಲಾ ಮೇಲೆ. ಆ ಹುಡುಗಿಯನ್ನು ನಿನ್ನ ಕೈಗೆ ಕೊಡಿಸಿದವಳು ನಾನೇ ಎಂದು ನೆನಪಾದ ಮೇಲೆ ಸಿಟ್ಟು ಮಾಡಿಕೊಳ್ಳಲು ಯಾರೂ ಉಳಿಯಲಿಲ್ಲ. ಯಾಕೆ ಎಂದು ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ನಾನು ಕೇಳದೆಯೇ ನೀನು ಹೇಳಿದ್ದೀಯ. ನೀನು ಹೇಳಿದ್ದು ಸರಿಯಿದೆ ಮಗಳೇ. ಸರಿಯಿದೆ ಎಂದ ಮಾತ್ರಕ್ಕೆ ನನಗೆ ಸುಲಭವಾಗಿಲ್ಲ, ಅದೂ ನಿನಗೆ ಗೊತ್ತಿರಲಿ.

ವೆಂಕಟರಾಮಯ್ಯನವರಿಗೆ ಹೇಳಿದೆ. "ಒಳ್ಳೇದೇ ಆಯ್ತು ಬಿಡಿ, ಮಗು ಸೆಟ್ಲ್ ಆಯ್ತಲ್ಲ" ಎಂದರು. ಎಷ್ಟು ತಾಯಂದಿರಿಗೆ ಈ ಮಾತನ್ನು ನಾನೇ ಹೇಳಿದ್ದೇನೋ. ಪದ್ಮಶ್ರೀಯ ತಾಯಿ ಆವತ್ತು ಬಾಗಿಲಲ್ಲಿ ಯಾಕೆ ನಿಂತೇ ಇದ್ದಳು ಎಂದು ಈಗ ಗೊತ್ತಾಯಿತು. ಮರುದಿನ ಅವಳನ್ನು ಒಳಗೆ ಕರೆದು ಚಹಾ ಕೊಟ್ಟೆ. ಮಗಳ ವಿಷಯ ಬಿಟ್ಟು ಊರಿನ ವಿಷಯ ಮಾತಾಡಿದೆವು.

ಅಜ್ಜಿ ದಿನಾ ಸಂಜೆ ಕರೆಯುತ್ತಾರೆ, ಹೋಗುತ್ತೇನೆ. ಆ ಧಾರಾವಾಹಿಯ ಅತ್ತೆ ಸೊಸೆ ಇಬ್ಬರನ್ನೂ ನನ್ನ ಒಂದನೇ ತರಗತಿಯಲ್ಲಿ ಕೂರಿಸಬೇಕು ಎನ್ನಿಸುತ್ತದೆ. ಅಜ್ಜಿ ನಡುನಡುವೆ ನನ್ನ ಮುಖ ನೋಡಿ ಮಂಡಕ್ಕಿಯ ತಟ್ಟೆ ನನ್ನ ಕಡೆ ತಳ್ಳುತ್ತಾರೆ.

ನಿನ್ನೆ ಜೋಳದ ರೊಟ್ಟಿ ಮೂವರಿಗೂ ಆಯಿತಲ್ಲ, ಅದು ಸಂತೋಷ. ಶಾಂತಲಾ ಶೇಂಗಾ ಚಟ್ನಿ ತಿಂದು ಕಣ್ಣಲ್ಲಿ ನೀರು ಬಂದರೂ "ಇನ್ನೊಂದು ಚೂರು ಆಂಟಿ" ಎಂದಳು, ಗಟ್ಟಿ ಹುಡುಗಿ. ನೀನು ಖೋಖೋ ಅಂಕಣ ತೋರಿಸುತ್ತ ಮಾತಾಡುತ್ತಲೇ ಇದ್ದೆ. ನಾಲ್ಕಕ್ಕೆ ಗಂಟೆ ಹೊಡೆದದ್ದೇ ತಡ, ಇಬ್ಬರೂ ಅಭ್ಯಾಸಕ್ಕೆ ಓಡಿದಿರಿ. ಭೇಟಿಯ ಸಮಯ ಇನ್ನೂ ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆಯನ್ನು ಏನು ಮಾಡುವುದೆಂದು ತೋಚದೆ ಬಸ್‌ಸ್ಟಾಪಿಗೆ ಬಂದು ಕೂತೆ.

ಅಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತ ಕೂತಿದ್ದಳು. ರಜೆ ಮುಗಿದ ಮೇಲೆ ಖಾಲಿಯಾದ ಒಂದು ಸೀಟಿಗೆ ಮಗಳನ್ನು ಸೇರಿಸಿದ್ದಾಳಂತೆ. ಭೇಟಿಗೆ ಬಂದರೆ ಮಗು ಕಾಲು ಹಿಡಿದುಕೊಂಡು ಬಿಡಲಿಲ್ಲವಂತೆ. ನಾನು ಟೀಚರ್ ಎಂದು ತಿಳಿದ ಮೇಲೆ ನನ್ನ ಕಡೆ ತಿರುಗಿ ಕೂತಳು.

"ಮಗು ಹೊಂದ್ಕೊಳ್ಳೋಕೆ ಎಷ್ಟ್ ದಿನ ಬೇಕು ಮೇಡಂ?"

"ಒಂದು ತಿಂಗ್ಳು ಅಂತಿಟ್ಕೊಳ್ಳಿ. ಕೆಲವರಿಗೆ ಸ್ವಲ್ಪ ಜಾಸ್ತಿ. ಆದ್ರೆ ಹೊಂದ್ಕೊಳ್ತಾರೆ" ಎಂದೆ. ಇಷ್ಟು ವರ್ಷದಲ್ಲಿ ಎಲ್ಲರಿಗೂ ಹೇಳಿದ ಹಾಗೆಯೇ ಹೇಳಿದೆ.

"ನಮ್ಗೆ?" ಎಂದಳು ಅವಳು.

"ಗೊತ್ತಿಲ್ಲಮ್ಮ" ಎಂದೆ. "ನಾನೂ ಈ ವರ್ಷವೇ ಸೇರಿದ್ದು."

ಬಸ್ಸು ಬಂತು. ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಗೌರಿಬಿದನೂರಿನವರೆಗೆ ಬಂದೆವು.

ನಿನ್ನ
ಅವ್ವ